ಸಕ್ಕರೆ ಕಾಯಿಲೆಗೆ ದ್ವೀಪಕೋಶಗಳ ಕಸಿ: ನಾವು ತಿಳಿದಿರಬೇಕಾದ ಪಾಠ



ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಮೆಟ್ಟಿಲು ಇಳಿಯುತ್ತಿದ್ದಾಗ ತಾಯಿಯೊಬ್ಬರು ಫೋನು ಹಿಡಿದುಕೊಂಡು ನಮ್ಮ ಬಳಿ ಬಂದರು. ಅವರ ಮಗಳಿಗೆ ಹನ್ನೊಂದು ವರ್ಷ. ಎಂಟನೆಯ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಸೂಜಿ. "ಅಣ್ಣಾ, ಹೊಸ ಜೀವಕೋಶ ಹಾಕಿದರೆ ಶುಗರ್ ಪೂರ್ತಿ ವಾಸಿ ಆಗುತ್ತೆ ಅಂತ ಈ ವಿಡಿಯೋದಲ್ಲಿ ಹೇಳ್ತಾರೆ. ದುಡ್ಡು ಕಟ್ಟಿದರೆ ಸೂಜಿ ನಿಲ್ಲಿಸಬಹುದಂತೆ. ದ್ರಾಕ್ಷಿ ತೋಟ ಅಡವಿಟ್ಟರೂ ಸರಿ, ಮಾಡಿಸೋಣ ಅಂತ ಅವರಪ್ಪ ಹೇಳ್ತಿದ್ದಾರೆ. ಇದು ನಿಜವಾ?" ಎಂದು ಕೇಳಿದರು.

ಅಂದು ನಮಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆ ಬಳಿಕ ತಿಳಿದವರನ್ನು ಕೇಳಿ, ಓದಿ, ಈ ಪಾಠವನ್ನು ಬರೆದಿದ್ದೇವೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಜೀವಕೋಶ ಹಾಕುವ ವಿದ್ಯೆ ನಿಜ. ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಶ್ರಮವಿದೆ. ಆದರೆ ಇಂದಿನ ಮಟ್ಟಿಗೆ ಅದು ಆಯ್ದ ಕೆಲವೇ ರೋಗಿಗಳಿಗೆ ಮಾತ್ರ. ದುಡ್ಡು ಪಡೆದು "ಸೂಜಿ ನಿಲ್ಲಿಸುತ್ತೇವೆ" ಎನ್ನುವವರ ಮಾತು ನಂಬಿ ಮಗುವಿನ ಇನ್ಸುಲಿನ್ ನಿಲ್ಲಿಸಿದರೆ ಮಗು ಕೆಲವೇ ದಿನಗಳಲ್ಲಿ ಸಾಯಬಹುದು. ಯಾಕೆ ಹೀಗೆ ಎಂಬುದನ್ನು ಒಂದೊಂದಾಗಿ ನೋಡೋಣ.

1. ಹೊಟ್ಟೆಯೊಳಗಿನ ಕಿರುದ್ವೀಪಗಳು

ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡ್ಡವಾಗಿ ಮಲಗಿರುವ, ಸುಮಾರು ಒಂದು ಗೇಣುದ್ದದ ಅಂಗವೇ ಮೇದೋಜ್ಜೀರಕ ಗ್ರಂಥಿ. ತೇನಿ, ಮದುರೆಯ ಆಸ್ಪತ್ರೆಗಳಲ್ಲಿ ತಮಿಳಿನಲ್ಲಿ ಇದನ್ನು 'ಕಣೈಯಂ' ಎನ್ನುತ್ತಾರೆ. ಗುಡ್ಡ ಹತ್ತಿ ಕುಮಿಳಿಯ ಕಡೆ ಹೋದರೆ ಮಲಯಾಳಂನಲ್ಲಿ 'ಆಗ್ನೇಯಗ್ರಂಥಿ'. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಏಲಕ್ಕಿ ತೋಟದಲ್ಲಿ ಮಲಯಾಳಂ ಆಡುವ ನಮಗೆ ಈ ಮೂರು ಹೆಸರೂ ಗೊತ್ತಿದ್ದರೆ ವೈದ್ಯರ ಚೀಟಿ ಅರ್ಥವಾಗುತ್ತದೆ.

ಈ ಗ್ರಂಥಿ ಎರಡು ಕೆಲಸ ಮಾಡುತ್ತದೆ. ಅದರ ಬಹುಪಾಲು ಊಟ ಜೀರ್ಣಿಸುವ ರಸವನ್ನು ತಯಾರಿಸಿ ಕರುಳಿಗೆ ಬಿಡುತ್ತದೆ. ಉಳಿದ ಶೇ. 1ರಿಂದ 2ರಷ್ಟು ಭಾಗ ಸಣ್ಣ ಸಣ್ಣ ಗುಂಪುಗಳಾಗಿ ಗ್ರಂಥಿಯ ತುಂಬ ಚದುರಿಕೊಂಡಿದೆ. 1869ರಲ್ಲಿ ಬರ್ಲಿನ್ನಿನ ಪೌಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ವೈದ್ಯ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ಇವನ್ನು ಮೊದಲು ಗುರುತಿಸಿದರು. ಇವು ಯಾತಕ್ಕಿವೆ ಎಂಬುದು ಅವರಿಗೆ ತಿಳಿಯಲಿಲ್ಲ. ಸಮುದ್ರದ ನಡುವಿನ ದ್ವೀಪಗಳಂತೆ ಕಾಣುವುದರಿಂದ ಮುಂದೆ ಫ್ರಾನ್ಸಿನ ವಿಜ್ಞಾನಿ ಲಾಗೆಸ್ ಇವಕ್ಕೆ 'ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳು' ಎಂದು ಹೆಸರಿಟ್ಟರು. ಒಬ್ಬ ಮನುಷ್ಯನಲ್ಲಿ ಇಂಥ ದ್ವೀಪಗಳು ಸುಮಾರು 10 ಲಕ್ಷ. ಎಲ್ಲವನ್ನೂ ಒಟ್ಟುಗೂಡಿಸಿದರೂ ಒಂದೆರಡು ಗ್ರಾಂ ತೂಕ ಮಾತ್ರ.

ಈ ದ್ವೀಪಗಳ ಒಳಗಿನ ಬೀಟಾ ಕೋಶಗಳು ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಕ್ಷಣಕ್ಷಣವೂ ಅಳೆಯುತ್ತವೆ; ಬೇಕಾದಷ್ಟೇ ಇನ್ಸುಲಿನ್ ಬಿಡುತ್ತವೆ. ಮಕ್ಕಳಿಗೂ ಯುವಕರಿಗೂ ಹೆಚ್ಚಾಗಿ ಬರುವ ಒಂದನೇ ಬಗೆಯ ಸಕ್ಕರೆ ಕಾಯಿಲೆಯಲ್ಲಿ ದೇಹದ ಕಾವಲು ಪಡೆಯೇ ತಪ್ಪಾಗಿ ತಿಳಿದು ಬೀಟಾ ಕೋಶಗಳನ್ನು ಕೊಂದುಹಾಕುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಬದುಕಿಲ್ಲ. ನಮ್ಮ ನಡುವೆ ದೊಡ್ಡವರಲ್ಲಿ ಕಾಣುವುದು ಬಹುಮಟ್ಟಿಗೆ ಎರಡನೇ ಬಗೆ. ಅಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ಬರಬರುತ್ತಾ ಬೀಟಾ ಕೋಶಗಳೂ ದಣಿಯುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ 10 ಲಕ್ಷ. ಇವರಲ್ಲಿ ಹೆಚ್ಚಿನವರು ಎರಡನೇ ಬಗೆಯವರು. ನಾವು ಇಂದು ಹೇಳಹೊರಟ ಕಸಿ ಮುಖ್ಯವಾಗಿ ಒಂದನೇ ಬಗೆಯವರಿಗೆ ಸಂಬಂಧಿಸಿದ್ದು.

2. ಇನ್ಸುಲಿನ್‌ಗೂ ಮೊದಲೇ ಕಸಿಯ ಯತ್ನ

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನಾವೆಲ್ಲ ಪೆರಿಯಕುಳದ ಕಡೆಯ ನರ್ಸರಿಗಳಲ್ಲಿ ನೋಡಿದ್ದೇವೆ. ಒಂದು ಗಿಡದ ಜೀವಂತ ಭಾಗವನ್ನು ಇನ್ನೊಂದಕ್ಕೆ ಕೂಡಿಸಿ ಅದು ಅಲ್ಲಿ ಚಿಗುರುವಂತೆ ಮಾಡುವುದು. ಅಂಗಗಳ ವಿಷಯದಲ್ಲೂ ಕನ್ನಡದಲ್ಲಿ 'ಕಸಿ' ಎಂಬ ಮಾತನ್ನೇ ಬಳಸುತ್ತೇವೆ.

1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬವರು ನಾಯಿಯ ಮೇದೋಜ್ಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಕಾಯಿಲೆಯ ಬೇರು ಎಲ್ಲಿದೆ ಎಂಬುದು ಹೀಗೆ ತಿಳಿಯಿತು. ನಾಲ್ಕು ವರ್ಷಗಳ ಬಳಿಕ, 1893ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ಸಾಯುವ ಸ್ಥಿತಿಯಲ್ಲಿದ್ದ 15 ವರ್ಷದ ಹುಡುಗನ ಚರ್ಮದಡಿಗೆ ಕುರಿಯ ಗ್ರಂಥಿಯ ತುಂಡುಗಳನ್ನು ಇಟ್ಟು ಹೊಲಿದರು. ಮೂರು ದಿನಗಳಲ್ಲಿ ಹುಡುಗ ತೀರಿಕೊಂಡ. ಆ ಕಾಲದಲ್ಲಿ ಇಂಥ ಮಕ್ಕಳಿಗೆ ಬೇರೆ ಮದ್ದೇ ಇರಲಿಲ್ಲ.

ಬಾಗಿಲು ತೆರೆದದ್ದು ಕೆನಡಾದ ಟೊರೊಂಟೊ ನಗರದಲ್ಲಿ. 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್, ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸೂಜಿ ಕೊಟ್ಟರು. ಮೊದಲ ಔಷಧಿ ಒಗ್ಗಲಿಲ್ಲ. ಕೆಲವು ದಿನಗಳ ಬಳಿಕ ಶುದ್ಧಗೊಳಿಸಿದ ಔಷಧಿ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಅವನು ಇನ್ನೂ 13 ವರ್ಷ ಬದುಕಿದ. ಇಂದು ನಮ್ಮ ಮಕ್ಕಳು ಶಾಲೆಗೆ ಹೋಗುತ್ತಿರುವುದು, ಧರ್ಮೋಪದೇಶದ ತರಗತಿಯಲ್ಲಿ ಕೂರುತ್ತಿರುವುದು ಆ ಸೂಜಿಯಿಂದ.

ಹಾಗಿದ್ದರೆ ಕಸಿ ಯಾಕೆ ಬೇಕು? ಸೂಜಿಯ ಇನ್ಸುಲಿನ್‌ಗೆ ರಕ್ತದ ಸಕ್ಕರೆ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಹೆಚ್ಚಾದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವುದು. ಹಲವು ವರ್ಷಗಳಿಂದ ಕಾಯಿಲೆ ಇರುವ ಕೆಲವರಿಗೆ ಈ ಮುನ್ಸೂಚನೆಯೇ ಇಲ್ಲದೆ ಸಕ್ಕರೆ ಇಳಿದುಬಿಡುತ್ತದೆ. ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಅಂಥವರಿಗಾಗಿಯೇ ವೈದ್ಯರು ಜೀವಂತ ದ್ವೀಪಗಳನ್ನು ಕಸಿ ಮಾಡುವ ದಾರಿ ಹುಡುಕಿದರು.

3. 1967ರಿಂದ 2000ದವರೆಗೆ

ಇಡೀ ಗ್ರಂಥಿಯನ್ನೇ ಕಸಿ ಮಾಡುವ ಶಸ್ತ್ರಚಿಕಿತ್ಸೆ 1966ರ ಡಿಸೆಂಬರಿನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಮೊದಲು ನಡೆಯಿತು. ಅದು ಇಂದಿಗೂ ನಡೆಯುತ್ತದೆ, ಹೆಚ್ಚಾಗಿ ಮೂತ್ರಪಿಂಡದ ಕಸಿಯ ಜೊತೆಗೆ. ಆದರೆ ಅದು ದೊಡ್ಡ ಶಸ್ತ್ರಚಿಕಿತ್ಸೆ. ಬೇಕಾಗಿರುವುದು ಒಂದೆರಡು ಗ್ರಾಂ ದ್ವೀಪಗಳಾದರೆ ಅವನ್ನಷ್ಟೇ ಬೇರ್ಪಡಿಸಿ ಕೊಡಬಾರದೇಕೆ?

ಕಷ್ಟ ಅಲ್ಲೇ ಇತ್ತು. ದ್ವೀಪಗಳು ಗ್ರಂಥಿಯ ಮಾಂಸದೊಳಗೆ ಹುದುಗಿವೆ. 1967ರಲ್ಲಿ ಸೇಂಟ್ ಲೂಯಿಸ್ ನಗರದ ಪಾಲ್ ಲೇಸಿ ಮತ್ತು ಕೋಸ್ಟಿಯಾನೋವ್ಸ್ಕಿ ಅವರು ಕೊಲಾಜಿನೇಸ್ ಎಂಬ ಕಿಣ್ವದಿಂದ ಇಲಿಯ ಗ್ರಂಥಿಯನ್ನು ಕರಗಿಸಿ ದ್ವೀಪಗಳನ್ನು ಜೀವಂತವಾಗಿ ಬಿಡಿಸಿದರು. 1972ರಲ್ಲಿ ಅಂಥ ದ್ವೀಪಗಳ ಕಸಿಯಿಂದ ಇಲಿಗಳ ಸಕ್ಕರೆ ಇಳಿಯಿತು. ಮರುವರ್ಷ, ದ್ವೀಪಗಳನ್ನು ಯಕೃತ್ತಿಗೆ, ಎಂದರೆ ಪಿತ್ತಜನಕಾಂಗಕ್ಕೆ, ಸೇರಿಸಿದರೆ ಒಳ್ಳೆಯದು ಎಂಬುದು ಗೊತ್ತಾಯಿತು. ಮುಲ್ಲೈಪೆರಿಯಾರಿನ ನೀರು ಸುರಂಗದಿಂದ ಇಳಿದು ಬಂದು ನಮ್ಮ ಕಂಬಂ ಕಣಿವೆಯ ಕಾಲುವೆಗಳಿಗೆ ಹಂಚಿಹೋಗುವಂತೆ, ಕರುಳಿನಿಂದ ಬರುವ ರಕ್ತವೆಲ್ಲ ಒಂದು ದೊಡ್ಡ ರಕ್ತನಾಳದ ಮೂಲಕ ಯಕೃತ್ತಿಗೆ ಬಂದು ಸಣ್ಣ ನಾಳಗಳಲ್ಲಿ ಹಂಚಿಕೊಳ್ಳುತ್ತದೆ. ಆ ನಾಳದಲ್ಲಿ ದ್ವೀಪಗಳನ್ನು ಬಿಟ್ಟರೆ ಅವು ಯಕೃತ್ತಿನ ಒಳಗೆ ಅಲ್ಲಲ್ಲಿ ನಿಂತು, ಅಲ್ಲಿಂದಲೇ ಇನ್ಸುಲಿನ್ ಕೊಡುತ್ತವೆ. ರೋಗಿಗೆ ಹೊಟ್ಟೆ ಕೊಯ್ಯಬೇಕಿಲ್ಲ. ಸ್ಕ್ಯಾನ್ ನೋಡುತ್ತಾ ಚರ್ಮದ ಮೂಲಕ ಸಣ್ಣ ನಳಿಗೆ ಇಳಿಸಿ, ಚೀಲದಿಂದ ಗ್ಲೂಕೋಸ್ ಹನಿಸುವ ಹಾಗೆ ಹನಿಸುತ್ತಾರೆ. ರಕ್ತಸ್ರಾವ ಆಗುವ ಅಥವಾ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಇದ್ದೇ ಇದೆ.

1974ರಲ್ಲಿ ಮಿನ್ನೆಸೋಟದಲ್ಲಿ ಮನುಷ್ಯರ ಮೇಲೆ ಇದು ಶುರುವಾಯಿತು. 1980ರ ದಶಕದ ಕೊನೆಗೆ ಕಮಿಲ್ಲೋ ರಿಕೋರ್ಡಿ ಅವರು ದ್ವೀಪಗಳನ್ನು ಬೇರ್ಪಡಿಸುವ ಯಂತ್ರ ರೂಪಿಸಿದರು. ಆದರೂ ಫಲ ನಿರಾಶೆಯದ್ದು. 1990ರ ಬಳಿಕ ಜಗತ್ತಿನಲ್ಲಿ ನಡೆದ 267 ಕಸಿಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇನ್ಸುಲಿನ್ ಬಿಟ್ಟಿದ್ದವರು ಶೇ. 8.2 ಮಾತ್ರ. ಕಸಿಯನ್ನು ದೇಹ ತಿರಸ್ಕರಿಸದಂತೆ ಕೊಡುತ್ತಿದ್ದ ಸ್ಟೀರಾಯ್ಡ್ ಮಾತ್ರೆಗಳೇ ಸಕ್ಕರೆ ಏರಿಸಿ ದ್ವೀಪಗಳನ್ನು ಹಾಳುಮಾಡುತ್ತಿದ್ದವು.

ಕೆನಡಾದ ಎಡ್ಮಂಟನ್ ನಗರದಲ್ಲಿ ಜೇಮ್ಸ್ ಶಪಿರೋ ಮತ್ತು ಸಂಗಡಿಗರು ಸ್ಟೀರಾಯ್ಡ್ ಬಿಟ್ಟು ಬೇರೆ ಔಷಧಿಗಳನ್ನು ಆರಿಸಿದರು. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ದಾನಿಗಳ ದ್ವೀಪಗಳನ್ನು ಕೊಟ್ಟರು. 2000ದ ಜುಲೈಯಲ್ಲಿ ಅವರ ವರದಿ ಪ್ರಕಟವಾಯಿತು: ಏಳಕ್ಕೆ ಏಳು ರೋಗಿಗಳೂ ಇನ್ಸುಲಿನ್ ಬಿಟ್ಟಿದ್ದರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿ. ನಮ್ಮ ತಾಯಿಯ ಫೋನಿಗೆ ಬಂದ ಆಸೆಯ ಮೂಲ ಇಲ್ಲಿದೆ.

4. ಆಸೆ ಮತ್ತು ಅಳತೆ

ಮುಂದೆ ಏನಾಯಿತು ಎಂಬುದನ್ನು ಇಂಥ ವಿಡಿಯೋಗಳು ಹೇಳುವುದಿಲ್ಲ. ಅದೇ ವಿಧಾನವನ್ನು ಹಲವು ಆಸ್ಪತ್ರೆಗಳಲ್ಲಿ 36 ಜನರಿಗೆ ಮಾಡಿದ ಫಲ 2006ರಲ್ಲಿ ಹೊರಬಂತು. ಒಂದು ವರ್ಷದ ಬಳಿಕ ಇನ್ಸುಲಿನ್ ಇಲ್ಲದೆ ಇದ್ದವರು 16. ಎರಡು ವರ್ಷದ ಹೊತ್ತಿಗೆ ಹಾಗೆ ಉಳಿದವರು 5. ಎಡ್ಮಂಟನ್ನಿನಲ್ಲೇ ಐದು ವರ್ಷಗಳ ಬಳಿಕ ಪೂರ್ತಿ ಸೂಜಿ ಬಿಟ್ಟವರು ಸುಮಾರು ಹತ್ತರಲ್ಲಿ ಒಬ್ಬರು. ಆದರೆ ಹತ್ತರಲ್ಲಿ ಎಂಟು ಜನರಲ್ಲಿ ಕಸಿ ಮಾಡಿದ ದ್ವೀಪಗಳು ಸ್ವಲ್ಪವಾದರೂ ಕೆಲಸ ಮಾಡುತ್ತಿದ್ದವು. ಹಾಗೆ ಸ್ವಲ್ಪ ಕೆಲಸ ಮಾಡಿದರೂ ಏಕಾಏಕಿ ಪ್ರಜ್ಞೆ ತಪ್ಪುವ ಭಯ ಬಹುಮಟ್ಟಿಗೆ ದೂರವಾಗುತ್ತದೆ. ಸೂಜಿ ಪೂರ್ತಿ ನಿಲ್ಲದಿದ್ದರೂ ಇದು ಸಣ್ಣ ಲಾಭವಲ್ಲ.

ಎಲ್ಲರಿಗೂ ಇದನ್ನು ಯಾಕೆ ಕೊಡುವುದಿಲ್ಲ ಎಂಬುದಕ್ಕೆ ಮೂರು ಕಾರಣಗಳಿವೆ.

ಒಂದು, ದಾನಿಗಳ ಕೊರತೆ. ಮೆದುಳು ಸತ್ತವರ ಗ್ರಂಥಿಯಿಂದಲೇ ದ್ವೀಪಗಳು ಸಿಗಬೇಕು. ಬೇರ್ಪಡಿಸುವಾಗ ಬಹಳಷ್ಟು ನಷ್ಟವಾಗುತ್ತದೆ. ಯಕೃತ್ತಿಗೆ ಹೋದ ಮೊದಲ ದಿನಗಳಲ್ಲೇ ಇನ್ನಷ್ಟು ಸಾಯುತ್ತವೆ. ಆದ್ದರಿಂದ ಒಬ್ಬ ರೋಗಿಗೆ ಹಲವು ಸಲ ಇಬ್ಬರು ದಾನಿಗಳು ಬೇಕಾಗುತ್ತಾರೆ.

ಎರಡು, ಔಷಧಿ. ಕಸಿ ಉಳಿಯಬೇಕಾದರೆ ದೇಹದ ರೋಗ ತಡೆಯುವ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ಇದರಿಂದ ಸೋಂಕು, ಕೆಲವು ಬಗೆಯ ಕ್ಯಾನ್ಸರ್, ಮೂತ್ರಪಿಂಡಕ್ಕೆ ಹಾನಿ ಬರಬಹುದು. ಸೂಜಿಯಿಂದ ಚೆನ್ನಾಗಿ ನಡೆಯುತ್ತಿರುವ ಮಗುವಿಗೆ ಇಂಥ ಔಷಧಿ ಕೊಡುವುದು ಸಣ್ಣ ಹೊರೆ ಇಳಿಸಿ ದೊಡ್ಡ ಹೊರೆ ಹೊರಿಸಿದಂತೆ.

ಮೂರು, ಬೀಟಾ ಕೋಶಗಳನ್ನು ಮೊದಲು ಕೊಂದ ಆ ಕಾವಲು ಪಡೆ ದೇಹದಲ್ಲೇ ಇದೆ. ಹೊಸ ದ್ವೀಪಗಳ ಮೇಲೂ ಅದು ಎರಗುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಜೂನ್ 28ರಂದು ದಾನಿಗಳ ದ್ವೀಪಕೋಶಗಳಿಂದ ಮಾಡಿದ 'ಲಾಂಟಿಡ್ರಾ' ಎಂಬ ಚಿಕಿತ್ಸೆಗೆ ಮೊದಲ ಒಪ್ಪಿಗೆ ಕೊಟ್ಟಿತು. ಅದರ ಪರೀಕ್ಷೆಯಲ್ಲಿ 30 ಜನರಲ್ಲಿ 21 ಜನ ಒಂದು ವರ್ಷ ಅಥವಾ ಹೆಚ್ಚು ಕಾಲ ಇನ್ಸುಲಿನ್ ಇಲ್ಲದೆ ಇದ್ದರು. ಅವರಲ್ಲಿ 10 ಜನ ಐದು ವರ್ಷ ದಾಟಿದರು. ಐದು ಜನರಿಗೆ ಒಂದು ದಿನವೂ ಇನ್ಸುಲಿನ್ ಬಿಡಲಾಗಲಿಲ್ಲ. ಒಪ್ಪಿಗೆ ಸಿಕ್ಕಿರುವುದು ಒಂದನೇ ಬಗೆಯ ಕಾಯಿಲೆಯುಳ್ಳ ವಯಸ್ಕರಿಗೆ, ಅದೂ ಎಷ್ಟು ಎಚ್ಚರ ವಹಿಸಿದರೂ ಸಕ್ಕರೆ ಮತ್ತೆಮತ್ತೆ ಅಪಾಯದ ಮಟ್ಟಕ್ಕೆ ಇಳಿಯುವವರಿಗೆ ಮಾತ್ರ. ಹನ್ನೊಂದು ವರ್ಷದ ಮಗು ಈ ಸಾಲಿನಲ್ಲಿ ಇಲ್ಲ.

5. ನಮ್ಮ ಬೆಟ್ಟಗಳ ಸುತ್ತಿನ ಒಂದು ಕಾಯಿಲೆ

ದ್ವೀಪಕೋಶಗಳ ಕಸಿ ನಮ್ಮ ಸೀಮೆಗೆ ಹತ್ತಿರವಾಗುವ ಇನ್ನೊಂದು ದಾರಿಯಿದೆ. ಕೇರಳ ಮತ್ತು ತಮಿಳುನಾಡಿನಲ್ಲಿ ಕೆಲವರಿಗೆ ಚಿಕ್ಕ ವಯಸ್ಸಿನಲ್ಲೇ, ಕುಡಿತವಿಲ್ಲದೆಯೇ, ಮೇದೋಜ್ಜೀರಕದಲ್ಲಿ ಕಲ್ಲು ಕಟ್ಟುತ್ತದೆ. ಮೊದಲು ಬಾಲ್ಯದಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಆರಂಭವಾಗಿ ಬೆನ್ನಿಗೆ ಹರಿಯುವ ಕಡುನೋವು. ಹರೆಯದಲ್ಲಿ ಸಕ್ಕರೆ ಕಾಯಿಲೆ. ಹಿಂದಿನ ಕಾಲದಲ್ಲಿ ನಡುವಯಸ್ಸಿಗೂ ಮುಂಚೆ ಸಾವು. ಕೇರಳದ ಡಾ. ಪಿ. ಜೆ. ಗೀವರ್ಗೀಸ್ ಅವರು ಇಂಥ ನೂರಾರು ರೋಗಿಗಳನ್ನು ನೋಡಿ 1968ರಲ್ಲೇ ಪುಸ್ತಕ ಬರೆದರು. ಚೆನ್ನೈನಲ್ಲಿ ಡಾ. ವಿ. ಮೋಹನ್ ಮತ್ತು ಸಂಗಡಿಗರು ಈ ಬಗೆಯ ಸಕ್ಕರೆ ಕಾಯಿಲೆಯನ್ನು ಬಹುಕಾಲ ಅಧ್ಯಯನ ಮಾಡಿದ್ದಾರೆ. ಮರಗೆಣಸು ತಿನ್ನುವುದೇ ಕಾರಣ ಎಂದು ಒಮ್ಮೆ ನಂಬಿದ್ದರು; ಅದು ಸಾಬೀತಾಗಲಿಲ್ಲ. 2002ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ವಂಶವಾಹಿಯಲ್ಲಿನ ಒಂದು ದೋಷಕ್ಕೂ ಇದಕ್ಕೂ ನಂಟಿದೆ ಎಂದು ತೋರಿಸಿದರು. ಆದ್ದರಿಂದ ಇಂಥ ಮನೆಯವರನ್ನು ನೋಡಿ "ಕುಡಿದು ತಂದುಕೊಂಡ ರೋಗ" ಎಂದು ಆಡಿಕೊಳ್ಳುವುದು ಅನ್ಯಾಯ.

ಮಾತ್ರೆಗಾಗಲಿ ಬೇರೆ ಚಿಕಿತ್ಸೆಗಳಿಗಾಗಲಿ ನೋವು ಬಗ್ಗದಿದ್ದಾಗ ಕೆಲವರಿಗೆ ಇಡೀ ಗ್ರಂಥಿಯನ್ನು ತೆಗೆಯಬೇಕಾಗುತ್ತದೆ. ತೆಗೆದರೆ ಸಕ್ಕರೆ ಕಾಯಿಲೆ ಖಚಿತ. ಆಗ ತೆಗೆದ ಗ್ರಂಥಿಯಿಂದಲೇ ದ್ವೀಪಗಳನ್ನು ಬಿಡಿಸಿ ಅದೇ ರೋಗಿಯ ಯಕೃತ್ತಿಗೆ ಹಿಂತಿರುಗಿ ಕೊಡಬಹುದು. ಇದನ್ನು ಮೊದಲು ಮಾಡಿದ್ದು 1977ರಲ್ಲಿ, ಮಿನ್ನೆಸೋಟದಲ್ಲಿಯೇ. ತನ್ನದೇ ಕೋಶಗಳಾದ್ದರಿಂದ ದೇಹ ತಿರಸ್ಕರಿಸುವುದಿಲ್ಲ. ರೋಗ ತಡೆಯುವ ಶಕ್ತಿ ತಗ್ಗಿಸುವ ಔಷಧಿಯೂ ಬೇಡ. ಅಲ್ಲಿನ 409 ರೋಗಿಗಳ ಲೆಕ್ಕದಲ್ಲಿ ಮೂರು ವರ್ಷಗಳ ಬಳಿಕ ಇನ್ಸುಲಿನ್ ಇಲ್ಲದೆ ಇದ್ದವರು ಶೇ. 30, ಇನ್ನು ಸುಮಾರು ಮೂರನೇ ಒಂದು ಭಾಗದವರಿಗೆ ಸ್ವಲ್ಪ ಇನ್ಸುಲಿನ್ ಸಾಕಾಗುತ್ತಿತ್ತು. ನಮ್ಮ ದೇಶದಲ್ಲಿ ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ವೈದ್ಯರು ಈ ಕೆಲಸ ಮಾಡಿದ್ದಾರೆ. ದ್ವೀಪಗಳು ಇನ್ನೂ ಜೀವಂತವಾಗಿರುವಾಗ, ಎಂದರೆ ಸಕ್ಕರೆ ಕಾಯಿಲೆ ಬಲಿಯುವ ಮುಂಚೆ ಹೋದರೆ ಫಲ ಹೆಚ್ಚು. ಹಾಗಾಗಿ ಮಗುವಿಗೆ ಪದೇ ಪದೇ ಕಡು ಹೊಟ್ಟೆನೋವು ಬಂದರೆ "ಗ್ಯಾಸು" ಎಂದು ಅಂಗಡಿ ಮಾತ್ರೆ ನುಂಗಿಸಿ ವರ್ಷ ಕಳೆಯದೆ, ಒಂದು ಸಲ ಕಣೈಯದ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿರಿ.

6. ಹೊಸ ದಾರಿ, ಹಳೆಯ ಪ್ರಶ್ನೆ

ದಾನಿಗಳ ಕೊರತೆ ನೀಗಲು ವಿಜ್ಞಾನಿಗಳು ಕಾಂಡಕೋಶಗಳಿಂದ ಪ್ರಯೋಗಾಲಯದಲ್ಲೇ ಬೀಟಾ ಕೋಶ ಬೆಳೆಸುತ್ತಿದ್ದಾರೆ. ಅಮೆರಿಕದ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ಅವರ ಇಬ್ಬರು ಮಕ್ಕಳಿಗೂ ಒಂದನೇ ಬಗೆಯ ಕಾಯಿಲೆ. ಆ ತಂದೆ ಅದಕ್ಕಾಗಿಯೇ ತಮ್ಮ ಸಂಶೋಧನೆಯ ವಿಷಯವನ್ನು ಬದಲಿಸಿ, 2014ರಲ್ಲಿ ದಾರಿ ತೋರಿಸಿದರು. ಆ ಹಾದಿಯಲ್ಲಿ ಬಂದ ಚಿಕಿತ್ಸೆಯೊಂದರ ವರದಿ 2025ರ ಜೂನ್‌ನಲ್ಲಿ ಪ್ರಕಟವಾಯಿತು: ಪೂರ್ಣ ಪ್ರಮಾಣ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಬಳಿಕ ಇನ್ಸುಲಿನ್ ಬಿಟ್ಟಿದ್ದರು. ಅದೇ ಅಧ್ಯಯನದಲ್ಲಿ ಇಬ್ಬರು ತೀರಿಕೊಂಡರು ಎಂಬುದನ್ನೂ ಹೇಳಬೇಕು. ಒಬ್ಬರ ಸಾವಿಗೆ ಮೆದುಳಿನ ಪೊರೆಯ ಸೋಂಕು ಕಾರಣ. ಇಲ್ಲಿಯೂ ರೋಗ ತಡೆಯುವ ಶಕ್ತಿ ತಗ್ಗಿಸುವ ಔಷಧಿ ಬೇಕು.

ಇಲ್ಲಿ ಕಥೋಲಿಕರಾದ ನಮಗೆ ಒಂದು ಪ್ರಶ್ನೆ ಏಳುತ್ತದೆ. ಮೆಲ್ಟನ್ ಅವರ ಕೆಲಸ ಮಾನವ ಭ್ರೂಣದಿಂದ ತೆಗೆದ ಕಾಂಡಕೋಶಗಳಿಂದ ಹೊರಟದ್ದು. ಭ್ರೂಣವನ್ನು ನಾಶಮಾಡಿ ಕೋಶ ತೆಗೆಯುವುದು, ಅದರಿಂದ ಇನ್ನೊಬ್ಬರಿಗೆ ಎಷ್ಟೇ ಒಳಿತಾದರೂ, ತಪ್ಪು ಎಂದು ಧರ್ಮಸಭೆ 2008ರ 'ದಿಗ್ನಿತಾಸ್ ಪೆರ್ಸೋನೆ' ಎಂಬ ಬೋಧನೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬೆಳೆದ ಮನುಷ್ಯನ ಕೋಶ, ಹೊಕ್ಕುಳಬಳ್ಳಿಯ ರಕ್ತ ಇವುಗಳಿಂದ ತೆಗೆಯುವುದಕ್ಕೆ ಅಡ್ಡಿಯಿಲ್ಲ. ಸಂತೋಷದ ವಿಷಯವೆಂದರೆ ಈ ದಾರಿಯೂ ತೆರೆದಿದೆ. ಚೀನಾದ ಟಿಯಾನ್‌ಜಿನ್ ನಗರದಲ್ಲಿ 2023ರಲ್ಲಿ ಯುವತಿಯೊಬ್ಬಳ ಸ್ವಂತ ಕೊಬ್ಬಿನ ಕೋಶಗಳನ್ನು ಕಾಂಡಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ದ್ವೀಪಕೋಶ ಬೆಳೆಸಿ, ಹೊಟ್ಟೆಯ ಸ್ನಾಯುವಿನ ಪೊರೆಯ ಅಡಿಯಲ್ಲಿ ಕಸಿ ಮಾಡಿದರು. 75 ದಿನಗಳಲ್ಲಿ ಅವಳು ಇನ್ಸುಲಿನ್ ಬಿಟ್ಟಳು. ಒಂದು ವರ್ಷದ ಬಳಿಕವೂ ಹಾಗೆಯೇ ಇದ್ದಳು. ಆದರೆ ಅವಳು ಹಿಂದೆ ನಡೆದಿದ್ದ ಯಕೃತ್ತಿನ ಕಸಿಗಾಗಿ ಮೊದಲಿಂದಲೇ ಔಷಧಿ ತೆಗೆದುಕೊಳ್ಳುತ್ತಿದ್ದಳು. ಒಬ್ಬಳ ಕಥೆಯಿಂದ ಎಲ್ಲರ ಚಿಕಿತ್ಸೆ ಆಗುವುದಿಲ್ಲ, ಇನ್ನೂ ಕಾಯಬೇಕು.

7. ದಾನ ಎಂಬ ಬೇರು

ಮೇಲೆ ಹೇಳಿದ ಚಿಕಿತ್ಸೆಗಳಲ್ಲಿ ಇಂದು ಒಪ್ಪಿಗೆ ಪಡೆದಿರುವುದು ದಾನಿಗಳ ದ್ವೀಪಕೋಶಗಳ ಕಸಿಗೆ. ಯಾವುದೋ ಮನೆಯವರು ಅಳುತ್ತಲೇ "ಆಗಲಿ" ಎಂದದ್ದರಿಂದ ಸಿಕ್ಕಿದ್ದು ಅದು. ಇಂಥ ದಾನ ನಮ್ಮ ಕಣಿವೆಗೆ ಅಪರಿಚಿತವಲ್ಲ. ಅಂಗಾಂಗ ದಾನ ಮಾಡಿದವರ ಅಂತ್ಯಕ್ರಿಯೆ ಸರ್ಕಾರಿ ಗೌರವದೊಂದಿಗೆ ನಡೆಯುವುದು ಎಂದು ತಮಿಳುನಾಡು ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಆ ಗೌರವ ಮೊದಲು ಸಂದದ್ದು ನಮ್ಮ ತೇನಿ ಜಿಲ್ಲೆಯ ಚಿನ್ನಮನೂರು ಸೀಮೆಯ ಕಂದಾಯ ಇಲಾಖೆಯ ನೌಕರರೊಬ್ಬರಿಗೆ.

"ಅಂಗ ಕೊಟ್ಟರೆ ಪುನರುತ್ಥಾನದ ದಿನ ದೇಹ ಕೊರತೆಯಾಗುವುದಿಲ್ಲವೇ?" ಎಂದು ನಮ್ಮ ಹಿರಿಯರು ಕೇಳುವುದುಂಟು. ಮಣ್ಣಾಗಿ ಹೋದ ದೇಹವನ್ನು ಎಬ್ಬಿಸುವ ದೇವರಿಗೆ ಅದು ಅಡ್ಡಿಯೇ? ಜಗದ್ಗುರು ಎರಡನೇ ಜಾನ್ ಪಾಲ್ ಅವರು 2000ದ ಆಗಸ್ಟ್ 29ರಂದು ರೋಮಿನಲ್ಲಿ ಕಸಿ ವೈದ್ಯರ ಸಮ್ಮೇಳನದಲ್ಲಿ ಮಾತನಾಡಿ ಇದನ್ನು ನಿಜವಾದ ಪ್ರೀತಿಯ ಕಾರ್ಯವೆಂದು ಹೊಗಳಿದರು. ದಾನಿಯ ಸಾವು ಖಚಿತವಾಗಿರಬೇಕು, ತಿಳಿದು ಒಪ್ಪಿರಬೇಕು, ಅಂಗ ಮಾರಾಟದ ವಸ್ತುವಾಗಬಾರದು ಎಂದೂ ಎಚ್ಚರಿಸಿದರು. ನಮ್ಮ ದೇಶದ 1994ರ ಕಾನೂನೂ ಅಂಗಗಳ ಮಾರಾಟವನ್ನು ಅಪರಾಧವೆನ್ನುತ್ತದೆ. ಅಂಗ ತೆಗೆದ ಬಳಿಕ ದೇಹವನ್ನು ಹೊಲಿದು ಮನೆಯವರಿಗೆ ಒಪ್ಪಿಸುತ್ತಾರೆ. ಬಲಿಪೂಜೆ, ಸಮಾಧಿ ಎಲ್ಲವೂ ಎಂದಿನಂತೆ. ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಇಂದೇ ಮನೆಯವರಿಗೆ ಹೇಳಿಡಿ. ಆ ಗಳಿಗೆಯಲ್ಲಿ ಉತ್ತರ ಕೊಡಬೇಕಾದವರು ಅವರು.

8. ಮನೆಯಲ್ಲಿ ನೆನಪಿಡಬೇಕಾದವು

• ವೈದ್ಯರು ಹೇಳದೆ ಇನ್ಸುಲಿನ್ ನಿಲ್ಲಿಸಬೇಡಿ. ಜ್ವರ, ವಾಂತಿ ಬಂದ ದಿನವೂ ಬೇಡ. ಆ ದಿನ ಬೇಗ ಆಸ್ಪತ್ರೆಗೆ ಹೋಗಿ.

• ಮಗು ಬೆವೆತು, ನಡುಗಿ, ತೊದಲಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದ ಬಳಿಕ ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ.

• ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒದ್ದೆ ಮರಳಿನ ಮಡಕೆಯಲ್ಲಿ ನೆರಳಲ್ಲಿಡಿ. ಫ್ರಿಜ್ ಇದ್ದರೆ ಮಂಜುಗಡ್ಡೆಯ ಅರೆಯಲ್ಲಿ ಇಡಬೇಡಿ.

• ತಪಸ್ಸು ಕಾಲದ ಉಪವಾಸ ರೋಗಿಗಳಿಗೆ ಕಡ್ಡಾಯವಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವೂ ರೋಗಿಗಳಿಗೆ, ವೃದ್ಧರಿಗೆ ಅನ್ವಯಿಸುವುದಿಲ್ಲ. ಬಲಿಪೂಜೆಯ ನಡುವೆ ಮಗು ಸಕ್ಕರೆ ತಿಂದರೆ ಯಾರೂ ಹುಬ್ಬೇರಿಸಬಾರದು.

• ಕಾಂಡಕೋಶ ಚಿಕಿತ್ಸೆ ಎಂದು ಯಾರಾದರೂ ಕರೆದರೆ ಮೂರು ಪ್ರಶ್ನೆ ಕೇಳಿ: ಈ ಪ್ರಯೋಗ ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆಯಲ್ಲಿ ಇದೆಯೇ, ಅದರ ಸಂಖ್ಯೆ ಏನು? ನೀತಿ ಸಮಿತಿ ಒಪ್ಪಿದೆಯೇ? ನಮ್ಮಿಂದ ದುಡ್ಡು ಯಾಕೆ ಕೇಳುತ್ತೀರಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಸಕ್ಕರೆ ಕಾಯಿಲೆಗೆ ಕಾಂಡಕೋಶವನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ. ಪ್ರಯೋಗವಾಗಿ ಮಾತ್ರ ಕೊಡಬಹುದು.

ಆ ತಾಯಿಗೆ ಇದನ್ನೆಲ್ಲ ಓದಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈಗ ಸೂಜಿಯೇ ಗತಿ" ಎಂದರು. ಹೌದು ಎಂದೆವು. ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ತೋಟ ಅಡವಿಡುವ ಮಾತು ಬಿಟ್ಟರು. ಆ ವಾರದಿಂದ ನಮ್ಮ ಧರ್ಮೋಪದೇಶದ ಕೋಣೆಯ ಕಪಾಟಿನಲ್ಲಿ ಒಂದು ಡಬ್ಬಿ ಸಕ್ಕರೆ, ಒಂದು ಲೋಟ, ಒಂದು ಚಮಚ ಇಟ್ಟಿದ್ದೇವೆ. ಅದು ಎಲ್ಲಿದೆ, ಯಾವಾಗ ಬೇಕು ಎಂಬುದು ತರಗತಿಯ ಎಲ್ಲ ಮಕ್ಕಳಿಗೂ ಗೊತ್ತು.

ಮನೆಯಲ್ಲಿ ಕೂಡಿ ಮಾತಾಡಲು

1. ನಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ದಿನವೂ ಇನ್ಸುಲಿನ್ ಹಾಕಿಕೊಳ್ಳುವವರು ಯಾರು? ಅವರ ಸಕ್ಕರೆ ಇಳಿದರೆ ಏನು ಮಾಡಬೇಕೆಂದು ನಮಗೆ ಗೊತ್ತೇ?

2. ಅಂಗಾಂಗ ದಾನದ ಬಗ್ಗೆ ನಮ್ಮ ಮನೆಯವರ ಅಂಜಿಕೆ ಏನು? ಅದನ್ನು ಗುರುಗಳ ಬಳಿ, ವೈದ್ಯರ ಬಳಿ ಕೇಳಿದ್ದೇವೆಯೇ?

3. ಒಳ್ಳೆಯ ಫಲಕ್ಕಾಗಿ ತಪ್ಪು ದಾರಿ ಹಿಡಿಯಬಾರದೆಂದು ಧರ್ಮಸಭೆ ಹೇಳುವಾಗ, ನರಳುವ ಮಗುವಿನ ತಂದೆತಾಯಿಗಳಿಗೆ ನಾವು ಯಾವ ರೀತಿ ಆಸರೆಯಾಗಬಲ್ಲೆವು?